ಉಕ್ಕದ ಹಾಲು

ಹಾಲು ಕುದಿಸಿದ್ದೇನೆ ಎಂದು ನಾನು ಹೇಳಿದೆ. ಕುದಿಸಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನಡುವೆ ಎಲ್ಲಾದರೂ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡೇನು. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ದಪ್ಪ, ಸಾಲು ಸೊಟ್ಟ. ಆದರೂ ಇದನ್ನು ಬೇರೆಯವರ ಕೈಯಿಂದ ಬರೆಸುವುದು ಬೇಡ ಅನ್ನಿಸಿತು.

ನಾವು ಮುಂಬೈ ಸರಕಾರದಿಂದ ಮೈಸೂರು ಸರಕಾರಕ್ಕೆ ಬಂದು ಒಂದೆರಡು ವರ್ಷವಾಗಿತ್ತು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಇಂಡಿಯಲ್ಲಿ, ಹೊರ್ತಿಯ ದಾರಿ ಕಡೆಗಿನ ಓಣಿಯಲ್ಲಿ ನಮ್ಮ ಮನೆ. ಹೊಲ ಇತ್ತು, ಎರಡು ಎಮ್ಮೆ ಇದ್ದವು. ಹೊಲ ಗಂಡಸರದು, ಎಮ್ಮೆ ಅತ್ತೆಯದು. ನಾನು ಇಬ್ಬರದೂ.

ಅತ್ತೆ ಯಾರಿಗೆ ಬೇಕಾದರೂ ಹಾಲು ಕೊಡುತ್ತಿರಲಿಲ್ಲ. ಕೇಳಿಕೊಂಡು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ನಿಮ್ಮ ಒಲೆ ಎಂಥದ್ದು, ಕಾಯುವ ಹಾಲಿಗೆ ಕಾವಲು ಯಾರು ಕೂರುತ್ತಾರೆ ಎಂದು ವಿಚಾರಿಸುತ್ತಿದ್ದಳು. ಹೆಣ್ಣು ಕೊಡುವಾಗಲೂ ಅಷ್ಟು ಕೇಳುತ್ತಿದ್ದಳೋ ಇಲ್ಲವೋ. ಹಾಲು ಉಕ್ಕಿ ಬೆಂಕಿಗೆ ಬಿದ್ದರೆ ಆ ಎಮ್ಮೆಯ ಕೆಚ್ಚಲು ಸುಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಉಕ್ಕಿದ ಮನೆಯವರು ತಕ್ಷಣ ಒಲೆಗೆ ನೀರು ಚಿಮುಕಿಸಬೇಕು, ಆಮೇಲೆ ಎಮ್ಮೆಯ ಮನೆಗೆ ಬಂದು ಹೇಳಿಹೋಗಬೇಕು. ಹೇಳಿದರೆ ಅತ್ತೆ ಕೆಚ್ಚಲಿಗೆ ಅರಿಶಿನ ಹಚ್ಚಿ ಸುಮ್ಮನಾಗುತ್ತಿದ್ದಳು. ಹೇಳದೆ ಮುಚ್ಚಿಟ್ಟವರಿಗೆ ಮರುದಿನದಿಂದ ಹಾಲಿಲ್ಲ. ಯಾರ ಮನೆಯಲ್ಲಿ ಉಕ್ಕಿತೆಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ, ಅದು ಬೇರೆ ಮಾತು. ಓಣಿಯಲ್ಲಿ ಸೀದ ಹಾಲಿನ ವಾಸನೆ ಅಡಗುವುದಿಲ್ಲ.

ನಮ್ಮ ಎದುರು ಮನೆ ಅರಿವಿ ಬಟ್ಟೆಯ ವ್ಯಾಪಾರದ ಮುಸಲ್ಮಾನರದು. ಅವರ ಅಜ್ಜ ಮುತ್ತಜ್ಜರ ಕಾಲದಿಂದ ಅದೇ ಮನೆ. ಮನೆಯ ಹಿರಿಯಳನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದೆವು. ಆಯಿಯ ಸೊಸೆ ಹೆಣ್ಣು ಹಡೆದು ಹದಿನೈದು ದಿನಕ್ಕೆ ತೀರಿಕೊಂಡಳು. ಆ ಕೂಸನ್ನು ನೋಡಿಕೊಳ್ಳಲು ದೇವರ ಹಿಪ್ಪರಗಿಯಿಂದ ಸೊಸೆಯ ತಂಗಿ ಬಂದಳು. ಹದಿನೆಂಟು ಹತ್ತೊಂಬತ್ತರ ಹುಡುಗಿ. ತಾಯಿಯ ತಂಗಿಗೆ ಅವರಲ್ಲಿ ಖಾಲಾ ಅನ್ನುತ್ತಾರೆ. ಕೂಸಿಗೆ ಮಾತು ಬರುವ ಮೊದಲೇ ಓಣಿಯೆಲ್ಲ ಅವಳನ್ನು ಖಾಲಾ ಅನ್ನತೊಡಗಿತು.

ಖಾಲಾಳಿಗೆ ತವರಿನಲ್ಲಿ ತಾಯಿ ತಂದೆ ಇರಲಿಲ್ಲ, ಅಣ್ಣನ ಸಂಸಾರ. ವರ್ಷ ಕಳೆದ ಮೇಲೆ ಕೂಸಿನ ತಂದೆಗೇ ಅವಳನ್ನು ಮಾಡಿಕೊಳ್ಳುವುದೆಂದು ಎರಡೂ ಕಡೆ ಮಾತಾಗಿತ್ತು. ಅವಳು ಗಂಡನನ್ನು ಬಯಸಿ ಬಂದವಳಂತೆ ನನಗೆ ಕಾಣಲಿಲ್ಲ. ಕೂಸನ್ನು ಬಯಸಿದ್ದಳು. ಅಕ್ಕನ ಮೂಗು ಬಂದಿದೆ, ಅಕ್ಕನ ಕಿವಿ ಬಂದಿದೆ ಎಂದು ದಿನಕ್ಕೊಮ್ಮೆ ನನಗೆ ತೋರಿಸುತ್ತಿದ್ದಳು. ನನಗೆ ಎಲ್ಲ ಕೂಸಿನ ಮೂಗೂ ಒಂದೇ ತರಹ ಕಾಣುತ್ತಿತ್ತು. ಹೌದು ಹೌದು ಅನ್ನುತ್ತಿದ್ದೆ.

ಸರಕಾರಿ ದವಾಖಾನೆಯ ನರ್ಸಬಾಯಿ ಬಂದು ಎಮ್ಮೆಯ ಹಾಲನ್ನು ನೀರು ಬೆರೆಸಿ ಕೊಡಲು ಹೇಳಿದರು. ಆದರೆ ಹಾಲು ಮೂರು ಸಲ ಉಕ್ಕಿ ಬರಬೇಕು. ಅಂಚಿಗೆ ಬಂದಾಗ ಇಳಿಸಬೇಕು, ಅಡಗಿದ ಮೇಲೆ ಮತ್ತೆ ಇಡಬೇಕು, ಹೀಗೆ ಮೂರು ಸಲ. ಹಾಲು ಕುಡಿಸುವ ಒಳಲೆಯನ್ನೂ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕು. ಖಾಲಾ ಅದನ್ನು ಪಾಠದಂತೆ ಒಪ್ಪಿಸುತ್ತಿದ್ದಳು. ಹಾಲು ನಮ್ಮ ಮನೆಯದು ಎಂದು ನಿಶ್ಚಯವಾಯಿತು. ಅತ್ತೆ ಕೂಸಿನ ಮುಖ ನೋಡಿ ಒಲೆಯ ವಿಚಾರಣೆ ಮಾಡದೆ ಒಪ್ಪಿದಳು. ಅಲ್ಲಿ ತಪ್ಪಿದೆ ಎಂದು ಆಮೇಲೆ ತಾನೇ ಅಂದುಕೊಂಡಳು, ಯಾಕೆಂದರೆ ಆ ಮನೆಗೆ ಹೊಸದಾಗಿ ಸೀಮೆಎಣ್ಣೆಯ ಪಂಪಿನ ಸ್ಟೋ ಬಂದಿತ್ತು.

ಒಲೆಯಾದರೆ ಹಾಲು ಏಳುವಾಗ ಕಟ್ಟಿಗೆ ಹಿಂದಕ್ಕೆ ಎಳೆಯಬಹುದು. ಸ್ಟೋ ಬೆಂಕಿಗೆ ಆ ಮರ್ಯಾದೆ ಇಲ್ಲ. ಬುಸ್ಸೆಂದು ಉರಿದು, ಕಣ್ಣು ಮಿಟುಕಿಸುವುದರೊಳಗೆ ಹಾಲು ಹೊರಗೆ. ಒಂದು ಬೆಳಿಗ್ಗೆ ಖಾಲಾ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಓಡಿಬಂದು, ಹಾಲು ಉಕ್ಕಿದವು, ನೀರು ಚಿಮುಕಿಸಿದ್ದೇನೆ ಎಂದು ಹೇಳಿದಳು. ಯಾರೂ ಕೇಳಿರಲಿಲ್ಲ, ತಾನಾಗಿ ಬಂದು ಹೇಳಿದಳು. ಅತ್ತೆ ಗೊಣಗುತ್ತ ಅರಿಶಿನ ಹಚ್ಚಿದಳು.

ನಾಲ್ಕು ದಿನಕ್ಕೆ ಎಮ್ಮೆಯ ಕೆಚ್ಚಲು ಒಂದು ಕಡೆ ಬಾತಿತು. ಮುಟ್ಟಿದರೆ ಬಿಸಿ, ಕಲ್ಲಿನಂತೆ ಗಟ್ಟಿ. ಆ ಮೊಲೆಯಿಂದ ಹಾಲು ಒಡೆದಂತೆ ಗಂಟುಗಂಟಾಗಿ ಬರುತ್ತಿತ್ತು. ಅದನ್ನು ನೆಲಕ್ಕೆ ಕರೆದು, ಉಳಿದ ಮೂರು ಮೊಲೆಯ ಹಾಲನ್ನು ಪಾತ್ರೆಗೆ ಕರೆದುಕೊಳ್ಳುತ್ತಿದ್ದೆ. ಆ ಮೂರೂ ಅದೇ ಕೆಚ್ಚಲಿನವೇ ಎಂದು ನನಗೆ ಹೊಳೆಯಲಿಲ್ಲ. ಕೆಚ್ಚಲು ಬಾತದ್ದಕ್ಕೆ ಕಾರಣ ಸ್ಟೋ ಎಂದು ಅತ್ತೆ ತೀರ್ಮಾನ ಮಾಡಿದಳು. ಇನ್ನು ಆ ಮನೆಗೆ ಹಸಿ ಹಾಲು ಹೋಗಕೂಡದು, ನಾವೇ ಮೂರು ಉಕ್ಕು ತಂದು ಕೊಡಬೇಕು, ಅವರು ಮತ್ತೆ ಬೆಂಕಿ ತೋರಿಸಕೂಡದು. ಆಯಿಯೂ ಒಪ್ಪಿದಳು. ಸ್ಟೋ ಕಂಡರೆ ಅವಳಿಗೂ ಹೆದರಿಕೆಯಿತ್ತು. ಹಾಲು ಕಾಯಿಸುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಎರಡು ದಿನ ಸರಿಯಾಗಿಯೇ ಮಾಡಿದೆ. ಒಲೆಯ ಮುಂದೆ ಕೂತು ಮೂರು ಸಲ ಇಳಿಸಿ ಏರಿಸಿದೆ. ಮೂರನೆಯ ದಿನ ಒಂದೇ ಉಕ್ಕು. ನಮ್ಮದು ಒಂದೇ ಒಲೆ. ಬೆಳಿಗ್ಗೆ ಅದರ ಮೇಲೆ ರೊಟ್ಟಿಯ ಹಂಚು ಇರಬೇಕು, ಹೊಲಕ್ಕೆ ಹೋಗುವವರ ಬುತ್ತಿ ಕಟ್ಟಬೇಕು. ಹಾಲು ಇಟ್ಟರೆ ರೊಟ್ಟಿ ನಿಲ್ಲುತ್ತಿತ್ತು. ರೊಟ್ಟಿ ನಿಂತರೆ ಗಂಡಸರ ಬಾಯಿ ಏಳುತ್ತಿತ್ತು. ಜೊತೆಗೆ ಹಾಲು ಅಂಚಿಗೆ ಬಂದಾಗಲೆಲ್ಲ ಹೆದರಿ ಗಡಿಗೆ ಇಳಿಸಿಬಿಡುತ್ತಿದ್ದೆ. ನನ್ನ ಕೈಯಲ್ಲೇ ಉಕ್ಕಿದರೆ ಅತ್ತೆಗೆ ಏನು ಹೇಳುವುದು? ಆಮೇಲೆ ರೊಟ್ಟಿ ಬಡಿದು ಮುಗಿಸಿ, ಹಂಚು ಇಳಿಸಿ, ಉಳಿದ ಕೆಂಡದ ಮೇಲೆ ಗಡಿಗೆ ಇಡತೊಡಗಿದೆ. ಬೆರಳು ಅದ್ದಿ ನೋಡುವುದು, ಬೆಚ್ಚಗಾದರೆ ಎತ್ತುವುದು. ತೊಗರಿ ಕಟ್ಟಿಗೆಯೂ ಉಳಿಯಿತು. ಕೆಚ್ಚಲಿಗೆ ಹೆದರಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಹಿಂದೆ ಮೈಗಳ್ಳತನ ಕೂತಿತ್ತು.

ಹಾಲಿನ ಚರಿಗೆ ಹಿಡಿದು ಎದುರು ಮನೆಗೆ ಹೋದರೆ ಖಾಲಾ ದಿನವೂ ಅದೇ ಕೇಳುತ್ತಿದ್ದಳು, ಮೂರು ಉಕ್ಕು ಬಂದವೇ ಎಂದು. ಬಂದಾವ ಅನ್ನುತ್ತಿದ್ದೆ. ಒಂದು ವಾರದಲ್ಲಿ ಆ ಸುಳ್ಳು ಎಷ್ಟು ರೂಢಿಯಾಯಿತೆಂದರೆ ಅವಳು ಕೇಳುವ ಮೊದಲೇ ಬಾಯಿಂದ ಬರುತ್ತಿತ್ತು. ಬೇಸಿಗೆ ಬೇರೆ. ಬೆಳಗಿನ ಹಾಲನ್ನೇ ಅವಳು ಮಧ್ಯಾಹ್ನಕ್ಕೂ ಇಟ್ಟುಕೊಳ್ಳಬೇಕಿತ್ತು. ಮತ್ತೆ ಕಾಯಿಸಬೇಡ ಎಂದು ನಾವೇ ಆಣೆ ಹಾಕಿದಂತೆ ಹೇಳಿದ್ದೆವು.

ಒಂದು ದಿನ ಅವಳು ಚರಿಗೆಯೊಳಗೆ ಬಗ್ಗಿ ನೋಡಿದಳು.

"ಅಕ್ಕಾ, ಇವತ್ತೂ ಕೆನಿ ಕಟ್ಟಿಲ್ಲಲ್ರಿ?"

ಹಾಲು ಕುದಿದು ಆರಿದರೆ ಮೇಲೆ ಕೆನೆ ಬರಲೇಬೇಕು. ಎಮ್ಮೆ ಕಟ್ಟದ ಮನೆಯ ಹುಡುಗಿ ಅದನ್ನು ಗಮನಿಸಿದ್ದಳು. ಸಿಕ್ಕಿಬಿದ್ದವರಿಗೆ ಸಿಟ್ಟು ಬೇಗ ಬರುತ್ತದೆ.

"ಎಮ್ಮಿ ಕಟ್ಟಿದಾಕಿ ನಾನೋ ನೀನೋ? ಸ್ಟೋ ಹಚ್ಚಾಕ ಬರವಲ್ದು, ನನಗ ಕೆನಿ ಕಲಿಸಾಕ ಬಂದ್ಲು ನೋಡು."

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಒಂದಿಬ್ಬರು ನಕ್ಕರು. ಅವಳ ಮುಖ ಕೆಂಪಾಯಿತು. ಮತ್ತೆ ಯಾವತ್ತೂ ಕೇಳಲಿಲ್ಲ. ನನಗೆ ಅವತ್ತು ಗೆದ್ದೆ ಅನ್ನಿಸಿತ್ತು.

ಐದಾರು ದಿನ ಕಳೆದಿರಬೇಕು. ಕೂಸಿಗೆ ವಾಂತಿ ಭೇದಿ ಶುರುವಾಯಿತು. ಬೆಳಿಗ್ಗೆ ಕೈಕಾಲು ಬಡಿಯುತ್ತಿದ್ದ ಕೂಸು ಸಂಜೆಗೆ ಒಗೆದು ಹಿಂಡಿದ ಅರಿವಿಯಂತೆ ಬಿದ್ದಿತ್ತು. ನೆತ್ತಿ ಒಳಗೆ ಹೋಗಿತ್ತು. ಅಳು ಇತ್ತು, ಕಣ್ಣೀರು ಇರಲಿಲ್ಲ. ದವಾಖಾನೆಯ ಡಾಕ್ಟರು ಸೂಜಿ ಮಾಡಿ, ಇಲ್ಲಿ ಇಟ್ಟುಕೊಳ್ಳಬೇಡಿ ಅಂದರು. ಇಂಡಿ ರೋಡ್ ಸ್ಟೇಷನ್ನಿನಿಂದ ರೈಲು ಹತ್ತಿಸಿ ವಿಜಾಪುರಕ್ಕೆ ಒಯ್ದರು. ಹತ್ತು ದಿನ ಅಲ್ಲಿದ್ದರು. ಆ ಹತ್ತು ದಿನ ನಾನು ದಿನವೂ ಎದುರು ಮನೆಯ ಬೀಗ ನೋಡಿದೆ. ಕೂಸು ಬದುಕಲಿ ಎಂದು ಬೇಡಿಕೊಂಡೆ. ಅದರ ಜೊತೆಗೆ, ಯಾರೂ ಹಾಲಿನ ಮಾತು ಎತ್ತದಿರಲಿ ಎಂದೂ ಬೇಡಿಕೊಂಡೆ. 

ಕೂಸು ಬದುಕಿ ಬಂತು. ನೋಡಲು ಓಣಿಯ ಹೆಂಗಸರೆಲ್ಲ ಆಯಿಯ ಪಡಸಾಲೆಯಲ್ಲಿ ಸೇರಿದೆವು. ಖಾಲಾ ಗೋಡೆಗೆ ಒರಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಹತ್ತು ದಿನದಲ್ಲಿ ಅವಳೂ ಅರ್ಧವಾಗಿದ್ದಳು. ಹಾಲಿನಲ್ಲಿ ಹೊಲಸು ಹೋಗಿದೆ ಎಂದು ವಿಜಾಪುರದ ಡಾಕ್ಟರು ಅಂದಿದ್ದರಂತೆ. ಹಾಲು ಕುದಿಸುತ್ತೀರೋ ಇಲ್ಲವೋ ಎಂದೂ ಕೇಳಿದರಂತೆ. ಆಯಿ ಇದನ್ನೆಲ್ಲ ಹೇಳಿ ನನ್ನ ಕಡೆ ತಿರುಗಿದಳು.

"ಮಗಳ, ನೀ ಮೂರು ಉಕ್ಕು ತಂದ ಕೊಡತಿದ್ದಿ, ಹೌದಲ್ಲ?"

ಸಂಶಯದಿಂದ ಕೇಳಿದ್ದಲ್ಲ. ಸಾಕ್ಷಿಗೆ ಕರೆದಂತೆ ಕೇಳಿದ್ದು. ನಾನು ಹೌದ್ರಿ ಆಯಿ ಅಂದೆ. ಆಗ ಖಾಲಾ ತಲೆಯೆತ್ತಿದಳು.

"ಅಕ್ಕಾ, ನನ್ನ ಮುಖ ನೋಡಿ ಹೇಳ್ರಿ."

ನಾನು ಅವಳ ಮುಖ ನೋಡಲಿಲ್ಲ. ಕೂಸಿನ ಕಾಲು ನೋಡುತ್ತ ಹೇಳಿದೆ.

"ಮೂರೂ ಉಕ್ಕು ಬಂದಾವ. ಒಳಲಿ ಚೊಲೊ ತೊಳಿಬೇಕಿತ್ತವಾ ತಂಗಿ."

ಮೊದಲನೆಯ ಮಾತು ಹೆದರಿಕೆಯದು. ಅದನ್ನು ಯಾರಾದರೂ ಕ್ಷಮಿಸಬಹುದು. ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಹುಡುಕಿ ತಂದು ಅವಳ ತಲೆಯ ಮೇಲೆ ಇಟ್ಟೆ. ಆ ಒಳಲೆಯನ್ನು ಅವಳು ದಿನಕ್ಕೆ ನಾಲ್ಕು ಸಲ ಕುದಿಯುವ ನೀರಿನಲ್ಲಿ ಅದ್ದುವುದನ್ನು ನನ್ನ ಬಾಗಿಲಲ್ಲಿ ನಿಂತು ನಾನೇ ನೋಡಿದ್ದೆ.

ಹಾಲು ಚೊಕ್ಕ, ಹಾಗಾದರೆ ಕೈ ಹೊಲಸು. ಇದಕ್ಕೆ ಬೇರೆ ಲೆಕ್ಕ ಬೇಕಿರಲಿಲ್ಲ. ಮೂರನೆಯ ದಿನ ಆಯಿ ಅವಳನ್ನು ಸಿಂದಗಿ ಕಡೆಯ ಬಸ್ಸಿಗೆ ಹತ್ತಿಸಿ ಹಿಪ್ಪರಗಿಗೆ ಕಳಿಸಿದಳು. ಬಯ್ಯಲಿಲ್ಲ, ಹೊಡೆಯಲಿಲ್ಲ. ಒಂದು ಸೀರೆ ಕೊಟ್ಟಳು. ಖಾಲಾ ಕೂಸನ್ನು ಆಯಿಯ ಕೈಗೆ ಕೊಟ್ಟು, ಗಂಟು ಎತ್ತಿಕೊಂಡು ನಮ್ಮ ಬಾಗಿಲ ಮುಂದೆಯೇ ಹೋದಳು. ನಾನು ಒಳಗೆ ಬೀಸುವ ಕಲ್ಲಿನ ಮುಂದೆ ಕೂತೆ. ಕೂಸು ಎಂಟು ದಿನ ಅತ್ತಿತು. ವರ್ಷದೊಳಗೆ ಕೂಸಿನ ತಂದೆ ಮುದ್ದೇಬಿಹಾಳದ ಹೆಣ್ಣು ಮಾಡಿಕೊಂಡ. ಅವಳು ಒಳ್ಳೆಯವಳೇ, ಕೂಸನ್ನು ಚೆನ್ನಾಗಿಯೇ ನೋಡಿಕೊಂಡಳು.

ಅಂದಿನಿಂದ ನಾನು ಆ ಮನೆಯ ಹಾಲನ್ನು ಕುದಿಸಿದ್ದೇ ಕುದಿಸಿದ್ದು. ಮೂರಲ್ಲ, ಐದು ಉಕ್ಕು. ತಳ ಹಿಡಿಯುವವರೆಗೆ ಕುದಿಸುತ್ತಿದ್ದೆ. ಕಟ್ಟಿಗೆ ದಂಡ ಮಾಡುತ್ತೀ, ಹಾಲು ಕಾಯಿಸುತ್ತೀಯೋ ಖೋವಾ ಮಾಡುತ್ತೀಯೋ ಎಂದು ಅತ್ತೆ ಬಯ್ಯುತ್ತಿದ್ದಳು. ಅಷ್ಟು ಕುದಿಸುವಾಗ ನಾಲ್ಕೈದು ಸಲ ಉಕ್ಕಿ ಬೆಂಕಿಗೂ ಬಿತ್ತು. ಅತ್ತೆ ಹೊಲದಲ್ಲಿದ್ದಳು, ನಾನು ಹೇಳಲಿಲ್ಲ. ಎಮ್ಮೆ ಅಲ್ಲಾಡಲಿಲ್ಲ. ಮೇವು ತಿಂದು, ಮೊದಲಿನಷ್ಟೇ ಹಾಲು ಕೊಟ್ಟಿತು. ಕೆಚ್ಚಲಿನ ಬಾವು ಇಳಿದು ಎಷ್ಟೋ ದಿನವಾಗಿತ್ತು. ಯಾವ ನಂಬಿಕೆಯ ಹೆಸರಿನಲ್ಲಿ ಸುಳ್ಳು ಹೇಳಿದ್ದೆನೋ ಅದೂ ನನ್ನ ಕೈಯಲ್ಲಿ ಉಳಿಯಲಿಲ್ಲ.

ನಾಲ್ಕು ವರ್ಷದ ಮೇಲೆ ಬ್ಲಾಕ್ ಕಚೇರಿಯಿಂದ ಒಬ್ಬ ಗ್ರಾಮಸೇವಿಕೆ ಬಂದರು. ಬಸವನ ಬಾಗೇವಾಡಿ ಕಡೆಯ ಹುಡುಗಿ, ಮಾತು ಚುರುಕು. ಮಧ್ಯಾಹ್ನ ಓಣಿಯ ಹೆಂಗಸರನ್ನು ಬೇವಿನ ಮರದ ಕೆಳಗೆ ಕೂರಿಸಿ ಹಾಲಿನ ವಿಷಯ ಹೇಳಿದರು. ಕಣ್ಣಿಗೆ ಕಾಣದ ಹುಳ ಹಾಲಿನಲ್ಲಿ ಇರುತ್ತವೆ, ಬೆಂಕಿಗೆ ಸಾಯುತ್ತವೆ. ದೊಡ್ಡ ಊರಿನ ಡೇರಿಗಳಲ್ಲಿ ಕುದಿಸುವುದೇ ಇಲ್ಲವಂತೆ. ಅವರಲ್ಲಿ ಪಾದರಸದ ಕಡ್ಡಿ ಇರುತ್ತದೆ. ಅದು ತೋರಿಸಿದ ಗೀಟಿನ ತನಕ ಬಿಸಿ ಮಾಡಿ, ಆ ಬಿಸಿಯನ್ನು ಅರ್ಧ ತಾಸು ಇಳಿಯಗೊಡದೆ ಹಿಡಿದು, ಆಮೇಲೆ ಥಟ್ಟನೆ ತಣ್ಣಗೆ ಮಾಡುತ್ತಾರಂತೆ. ಕಡ್ಡಿ ಇಲ್ಲದ ನಮ್ಮಂಥವರಿಗೆ ಕುದಿಸುವುದೇ ದಾರಿ. ಇಷ್ಟು ಹೇಳಿ ಎರಡು ಗಾಜಿನ ಲೋಟ ಮುಂದಿಟ್ಟರು. ಬೆಳಿಗ್ಗೆಯೇ ಒಂದರಲ್ಲಿ ಕುದಿಸಿದ ಹಾಲು, ಇನ್ನೊಂದರಲ್ಲಿ ಬರೀ ಬೆಚ್ಚಗೆ ಮಾಡಿದ ಹಾಲು ಹಾಕಿ ನೆರಳಲ್ಲಿ ಇಟ್ಟಿದ್ದರು. ಮೂಸಿ ನೋಡಿ ಎಂದು ದಾಟಿಸಿದರು. ಎರಡನೆಯದು ನನ್ನ ಕೈಗೆ ಬಂದಾಗ ಮೂಗಿನ ತನಕ ಒಯ್ಯುವ ಮೊದಲೇ ವಾಸನೆ ಬಂತು.

ನಾನು ಸಭೆಯಲ್ಲಿ ಮಾತಾಡುವವಳಲ್ಲ. ಅವತ್ತು ಕೇಳಿದೆ. ಬೆಚ್ಚಗೆ ಮಾಡಿದರೆ ಹಸಿ ಹಾಲಿಗಿಂತ ಅಷ್ಟಾದರೂ ಮೇಲಲ್ಲವೇ?

"ಮ್ಯಾಲಲ್ಲರಿ, ಹಸಿ ಹಾಲಿಗಿಂತ ಕಡಿ. ಬೆಚ್ಚಗಿದ್ರ ಆ ಹುಳಕ್ಕ ಹಾಸಿಗಿ ಹಾಸಿ ಕೊಟ್ಟಂಗ. ಹಸಿ ಹಾಲು ಅಂತ ಹೇಳಿ ಕೊಟ್ರ ತಗೊಂಡಾಕಿ ತಾನ ಕುದಸ್ತಾಳ. ಕಾದೈತಿ ಅಂತ ನಂಬಿದಾಕಿ ಹಂಗ ಕುಡಸ್ತಾಳ."

ಅವರಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ಪಾಠದಲ್ಲಿದ್ದದ್ದನ್ನು ಹೇಳಿದರು. ಪಕ್ಕದಲ್ಲಿ ಆಯಿ ಕೂತಿದ್ದಳು. ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಇಷ್ಟು ಬಿಡಿಸಿ ಯಾರೂ ಹೇಳದ ಕಾಲದಲ್ಲೇ ನೀನು ನಮ್ಮ ಕೂಸಿಗೆ ಕುದಿಸಿ ಕೊಟ್ಟವಳು, ದೇವರು ನಿನಗೆ ಚಲೋದು ಮಾಡಲಿ ಅಂದಳು. ಆ ಕೈಯನ್ನು ತೆಗೆಯಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ಮುಂದಿನ ಸಂತೆಗೆ ಎಮ್ಮೆಗೆ ಹಗ್ಗ, ಕಣ್ಣಿ ತರುವ ನೆಪ ಹೇಳಿ ಹಿಪ್ಪರಗಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಖಾಲಾ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಮದುವೆಯಾಗಿರಲಿಲ್ಲ. ಅವಳಿಗಿಂತ ಮೊದಲೇ ಆ ಮಾತು ಊರು ಸೇರಿತ್ತು, ಕೂಸಿಗೆ ಹೊಲಸು ಕುಡಿಸಿದವಳು ಎಂದು. ನಾನು ಕೂತಿದ್ದಾಗ ಅವಳ ಅಣ್ಣನ ಕೂಸು ತೆವಳುತ್ತ ಬಂದು ಅವಳ ಮೊರಕ್ಕೆ ಕೈ ಹಾಕಿತು. ಅವಳು ಮುಟ್ಟಲಿಲ್ಲ. ಎರಡೂ ಕೈ ಎತ್ತಿ ಹಿಂದಕ್ಕೆ ಹಿಡಿದುಕೊಂಡು, ಒಳಗಿದ್ದ ಅತ್ತಿಗೆಯನ್ನು ಕರೆದಳು. ಅತ್ತಿಗೆ ಬಂದು ಕೂಸನ್ನು ಎತ್ತಿಕೊಂಡು ಹೋದಳು. ಇಬ್ಬರೂ ಅದನ್ನು ರೂಢಿಯಂತೆ ಮಾಡಿದರು.

ನಾನು ಹೇಳಿದೆ. ಕುದಿಸಿರಲಿಲ್ಲ ತಂಗಿ, ಬೆಚ್ಚಗೆ ಮಾಡಿ ಕೊಟ್ಟೆ, ಸುಳ್ಳು ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ. ನಾಲ್ಕು ಕಲ್ಲು ಆರಿಸಿ ಒಗೆದಳು.

"ನನ್ನ ಮುಂದ ಹೇಳಾಕ ಇಷ್ಟ ದೂರ ಬಂದ್ರಿ. ನಾ ತೊಳದದ್ದು ನನಗ ಗೊತ್ತೈತ್ರಿ. ನಿಮ್ಮ ಎದುರು ಮನಿಗೆ ಹೋಗಾಕ ಎಷ್ಟ ಹೆಜ್ಜಿ ಆಗತಾವು?"

 ನೀರು ಕೇಳಿದೆ, ಕೊಟ್ಟಳು. ಹಗ್ಗ ಕೊಳ್ಳದೆಯೇ ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಆಯಿಯ ಪಡಸಾಲೆಗೆ ಹೋದೆ. ಆಯಿ ಒಬ್ಬಳೇ ಎಲೆ ಅಡಿಕೆ ಹಾಕುತ್ತ ಕೂತಿದ್ದಳು. ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಹಾಲಿನ ಮಾತು ಹೇಳಿದೆ, ಒಳಲೆಯ ಮಾತೂ ಹೇಳಿದೆ. ಆಯಿ ಅಗಿಯುವುದನ್ನು ನಿಲ್ಲಿಸಿದಳು. ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ, ಅದಕ್ಕೇ ಬಯ್ಯಲಿಲ್ಲವೋ ಏನೋ.

"ಆಕಿನ್ನ ಕಳಿಸಿದಾಕಿ ನಾನು," ಅಂದಳು. "ನೀ ಸುಳ್ಳು ಹೇಳಿದಿ. ನಾ ನಮ್ಮ ಹುಡಿಗಿನ್ನ ಬಿಟ್ಟು ನಿನ್ನ ನಂಬಿದೆ. ಹೋಗು."

ಎರಡು ದಿನಕ್ಕೆ ಆಯಿ ಮೊಮ್ಮಗಳನ್ನು ಕರೆದುಕೊಂಡು ಹಿಪ್ಪರಗಿಗೆ ಹೋದಳು. ಅಲ್ಲಿ ಏನು ಮಾತಾಯಿತು, ಯಾರು ಅತ್ತರು, ಯಾರು ಯಾರ ಕೈ ಹಿಡಿದರು, ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ. ತಿರುಗಿ ಬಂದ ಮರುದಿನ ನಾನು ಚರಿಗೆ ಹಿಡಿದು ಹೋದಾಗ ಆಯಿ ಬಾಗಿಲಿಗೆ ಅಡ್ಡ ನಿಂತು, ಇನ್ನು ಬೇಡ ಅಂದಳು. ಅತ್ತೆ ಕಾರಣ ಕೇಳಿದಳು. ಅವಳಿಗೂ ಹೇಳಿದೆ. ನಾನು ಹಾಲಿಗೆ ನಿನ್ನನ್ನು ಕೂರಿಸಿದೆ, ನನ್ನ ತಪ್ಪು ಅಂದಳು. ಅದು ಸಮಾಧಾನಕ್ಕೆ ಅಂದದ್ದಲ್ಲ.

ಆ ವರ್ಷದ ರಮಜಾನ್ ಹಬ್ಬಕ್ಕೆ ಖಾಲಾ ಇಂಡಿಗೆ ಬಂದಳು. ಆಮೇಲೆ ಪ್ರತಿ ವರ್ಷ ಬಂದಳು. ಮುಳವಾಡದ ಕಡೆ ಮದುವೆ ಮಾಡಿ ಕೊಟ್ಟ ಮೇಲೂ ಬಂದಳು, ಆಮೇಲೆ ತನ್ನವೇ ಎರಡು ಮಕ್ಕಳನ್ನು ಕರೆದುಕೊಂಡು ಬಂದಳು. ಎದುರು ಕಟ್ಟೆಯ ಮೇಲೆ ಕೂತು ಅಕ್ಕನ ಮಗಳ ತಲೆ ಬಾಚುತ್ತಿದ್ದಳು. ಹುಡುಗಿ ಸಿಕ್ಕು ಎಳೆಯಬೇಡ ಎಂದು ಕೂಗುತ್ತಿದ್ದಳು, ಇವಳು ತಲೆಗೊಂದು ಮೊಟಕುತ್ತಿದ್ದಳು. ನಾನು ನನ್ನ ಬಾಗಿಲಲ್ಲಿ ನಿಂತಿರುತ್ತಿದ್ದೆ. ಓಣಿಯ ಅಗಲ ಹತ್ತು ಹೆಜ್ಜೆಯೂ ಇಲ್ಲ. ನನ್ನ ಕಡೆ ಅವಳು ಒಮ್ಮೆಯೂ ನೋಡಲಿಲ್ಲ, ಮಾತಾಡಿಸಲಿಲ್ಲ. ನಾನೂ ಕರೆಯಲಿಲ್ಲ. ಅವಳು ನೋಡಬೇಕಾದ್ದೇನೂ ನನ್ನ ಬಾಗಿಲಲ್ಲಿ ಇರಲಿಲ್ಲ.